ಹಿಮದಲ್ಲಿ ನಿಂತ ಹೊತ್ತು

1893ರ ಫೆಬ್ರವರಿ 22. ನ್ಯೂಯಾರ್ಕ್ ನಗರದಲ್ಲಿ ಹಿಮಬಿರುಗಾಳಿ. ಫಿಫ್ತ್ ಅವೆನ್ಯೂ ಮತ್ತು 35ನೇ ಬೀದಿ ಕೂಡುವ ಮೂಲೆಯಲ್ಲಿ ಆಲ್‌ಫ್ರೆಡ್ ಸ್ಟೀಗ್ಲಿಟ್ಜ್ ಎಂಬ 29 ವರ್ಷದ ಯುವಕ, ಗೆಳೆಯನಿಂದ ಕಡ ತಂದ ಒಂದು ಕೈಕ್ಯಾಮೆರಾ ಹಿಡಿದು ನಿಂತಿದ್ದ. ಒಂದಲ್ಲ, ಎರಡಲ್ಲ, ಮೂರು ಗಂಟೆ. ಕಣ್ಣು ಬಿಡಲಾಗದಂತೆ ಸುರಿಯುವ ಹಿಮದ ನಡುವಿನಿಂದ ಕುದುರೆಗಾಡಿಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ಕೊನೆಗೆ ಅವನಿಗೆ ಬೇಕಾದ ಗಾಡಿ, ಬೇಕಾದ ಜಾಗದಲ್ಲಿ, ಬೇಕಾದ ಕ್ಷಣದಲ್ಲಿ ಬಂತು. ‘ವಿಂಟರ್, ಫಿಫ್ತ್ ಅವೆನ್ಯೂ’ ಎಂಬ ಚಿತ್ರ ಹುಟ್ಟಿದ್ದು ಹಾಗೆ.

ಆ ಚಿತ್ರವನ್ನು ನೀವು ನೋಡಿರಬಹುದು. ಹಿಮದಲ್ಲಿ ಉತ್ತಿಟ್ಟಂತೆ ಮೂಡಿದ ಗಾಲಿಗಳ ಕಪ್ಪು ಜಾಡು, ಅದರ ನಡುವೆ ನಮ್ಮ ಕಡೆಗೇ ಬರುತ್ತಿರುವ ಕುದುರೆಗಳು, ಮೇಲೆ ಕೂತ ಗಾಡಿಯಾಳು, ಹಿಂದೆ ಮಬ್ಬಿನಲ್ಲಿ ಕರಗಿದ ಕಟ್ಟಡಗಳು. ಅದರ ನೆಗೆಟಿವ್ ನೋಡಿದ ಅಂದಿನ ಹವ್ಯಾಸಿ ಛಾಯಾಗ್ರಾಹಕರು, ಇದೆಲ್ಲ ಮಸುಕಾಗಿದೆ, ಬಿಸಾಡು ಎಂದರಂತೆ. ಇಂದು ಛಾಯಾಗ್ರಹಣದ ಚರಿತ್ರೆ ಬರೆಯುವ ಯಾರೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಚಿತ್ರದ ಜೊತೆಗೆ ಆ ಮೂರು ಗಂಟೆಯ ಕಥೆಯೂ ತಪ್ಪದೆ ಬರುತ್ತದೆ. ಅದನ್ನು ಮೊದಲು ಹೇಳಿದವನು ಸ್ಟೀಗ್ಲಿಟ್ಜನೇ. 1897ರಲ್ಲಿ ಕೈಕ್ಯಾಮೆರಾದ ಬಗ್ಗೆ ಬರೆದ ಲೇಖನದಲ್ಲಿ, ಈ ಕೆಲಸಕ್ಕೆ ಬೇಕಾದ ಮುಖ್ಯ ಗುಣ ತಾಳ್ಮೆ ಎಂದು ವಾದಿಸುತ್ತ ತಾನು ಹಿಮದಲ್ಲಿ ಕಾದ ಹೊತ್ತನ್ನು ಲೆಕ್ಕ ಕೊಟ್ಟ.

ವಸಾಹತು ಕಾಲದ ಛಾಯಾಚಿತ್ರಗಳನ್ನು ಚರಿತ್ರೆಯ ಆಕರಗಳಾಗಿ ಹೇಗೆ ಓದಬೇಕು ಎಂಬುದು ನನ್ನ ಸಂಶೋಧನೆಯ ವಿಷಯ. ಹಾಗಾಗಿ ಈ ಮೂರು ಗಂಟೆ ನನ್ನನ್ನು ಬೇರೊಂದು ಕಾರಣಕ್ಕೆ ಕಾಡುತ್ತದೆ. ಸುರಿಯುವ ಹಿಮದಲ್ಲಿ ಯಾರೋ ಒಬ್ಬರು ನಿಲ್ಲದೆ ಹಿಮದ ಚಿತ್ರವಿಲ್ಲ. ಹಾಗೆ ನಿಂತವರು ಯಾರು? ಯಾರು ನಿಂತ ಹೊತ್ತು ಲೆಕ್ಕಕ್ಕೆ ಸಿಕ್ಕಿತು, ಯಾರದು ಸಿಗಲಿಲ್ಲ?

ನಮ್ಮ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಕನ್ನಡದಲ್ಲಿ ‘ಮಂಜು’ ಎಂದರೆ ಮಡಿಕೇರಿಯ ಬೆಳಗಿನ ಮಂಜೂ ಹೌದು, ಹಿಮಾಲಯದ ಮೇಲೆ ಬೀಳುವುದೂ ಹೌದು. ‘ಗಡ್ಡೆ’ ಸೇರಿಸಿದರೆ ಶರಬತ್ತಿಗೆ ಹಾಕುವ ಮಂಜುಗಡ್ಡೆ. ಇಬ್ಬನಿಗೆ ಬೇರೆ ಪದ ಉಂಟು, ಆಲಿಕಲ್ಲಿಗೆ ಬೇರೆ ಪದ ಉಂಟು. ಆಕಾಶದಿಂದ ಸದ್ದಿಲ್ಲದೆ ಇಳಿಯುವ ಆ ಬಿಳಿಯ ವಸ್ತುವಿಗೆ ಮಾತ್ರ ಸಂಸ್ಕೃತದ ‘ಹಿಮ’ವನ್ನೇ ಕರೆಯಬೇಕು. ಕಾಣದ್ದಕ್ಕೆ ಮನೆಮಾತಿನ ಪದ ಏಕೆ ಬೇಕು? ನಮ್ಮಲ್ಲಿ ಬಹಳಷ್ಟು ಜನ ಹಿಮವನ್ನು ಮುಟ್ಟುವ ಮೊದಲೇ ಕ್ಯಾಲೆಂಡರಿನಲ್ಲಿ, ಪಠ್ಯಪುಸ್ತಕದಲ್ಲಿ, ಸಿನಿಮಾದಲ್ಲಿ ಕಂಡವರು. ನಮಗೆ ಹಿಮವೆಂದರೆ ಮೊದಲಿಗೆ ಒಂದು ಫೋಟೊ. ಆ ಫೋಟೊದಲ್ಲಿ ಚಳಿ ಇರುವುದಿಲ್ಲ, ಭಾರ ಇರುವುದಿಲ್ಲ. ಬಿಳುಪು ಮಾತ್ರ ಇರುತ್ತದೆ.

ಆ ಬಿಳುಪಾದರೂ ಸುಲಭಕ್ಕೆ ಬಂದದ್ದಲ್ಲ. ಇಂದಿನ ಕ್ಯಾಮೆರಾದ ಬೆಳಕಿನ ಮಾಪಕ ತನ್ನೆದುರು ಇರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದು ಎಣಿಸುತ್ತದೆ. ಎದುರಿಗೆ ಹಿಮವೇ ತುಂಬಿದ್ದರೆ ಅದನ್ನೂ ಬೂದಿಯ ಬಣ್ಣಕ್ಕೆ ಇಳಿಸಿಬಿಡುತ್ತದೆ. ಹಿಮ ಬೆಳ್ಳಗೆ ಕಾಣಬೇಕಾದರೆ ಮಾಪಕ ಹೇಳಿದ್ದಕ್ಕಿಂತ ಹೆಚ್ಚು ಬೆಳಕು ಕೊಡಬೇಕು. ತುಸು ಹೆಚ್ಚಾದರೆ ಹಿಮದ ಏರುತಗ್ಗುಗಳೆಲ್ಲ ಅಳಿಸಿ ಖಾಲಿ ಕಾಗದ ಉಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ಪ್ಲೇಟುಗಳ ತೊಂದರೆ ಬೇರೆಯದು. ಅವು ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದವು. ನೀಲಿ ಆಕಾಶವೂ ಬಿಳಿ, ಆಕಾಶದ ನೀಲಿಯನ್ನು ಹೀರಿದ ಹಿಮದ ನೆರಳೂ ಬಿಳಿ. ಬೆಟ್ಟ ಮುಗಿದು ಆಕಾಶ ಶುರುವಾಗುವ ಗೆರೆಯೇ ಕಾಣದು. ಬಣ್ಣದ ರಾಸಾಯನಿಕ ಸೇರಿಸಿ ಪ್ಲೇಟಿಗೆ ಹಸಿರು, ಹಳದಿಯನ್ನೂ ಕಾಣಿಸಬಹುದೆಂದು 1873ರಲ್ಲಿ ತೋರಿಸಿದವನು ಜರ್ಮನಿಯ ಹರ್ಮನ್ ವಿಲ್ಹೆಲ್ಮ್ ಫೋಗೆಲ್. ಸ್ಟೀಗ್ಲಿಟ್ಜ್ ಬರ್ಲಿನ್ನಿನಲ್ಲಿ ಕಲಿತದ್ದು ಇದೇ ಫೋಗೆಲ್ ಬಳಿ.

ಇನ್ನು ಹಿಮ ಬೀಳುತ್ತಲೇ ಇದ್ದರೆ ಪ್ರತಿಯೊಂದು ಚೂರೂ ಚಿತ್ರಕ್ಕೆ ನುಗ್ಗುತ್ತದೆ. ಶಟರ್ ನಿಧಾನವಾದರೆ ಗೆರೆ, ಚುರುಕಾದರೆ ಚುಕ್ಕೆ, ಲೆನ್ಸಿಗೆ ತೀರ ಹತ್ತಿರ ಬಂದರೆ ದೊಡ್ಡ ಬಿಳಿ ಕಲೆ. ಚಳಿಯಲ್ಲಿದ್ದ ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೆ ತಂದರೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಹನಿ ಮೂಡುವಂತೆ ಲೆನ್ಸಿನ ಮೇಲೆಲ್ಲ ನೀರು. ಇವೆಲ್ಲ ಉಪಕರಣದ ಕಷ್ಟಗಳು. ಛಾಯಾಗ್ರಹಣದ ಪುಸ್ತಕಗಳು ಇವನ್ನು ಚೆನ್ನಾಗಿಯೇ ವಿವರಿಸುತ್ತವೆ. ಉಪಕರಣವನ್ನು ಹಿಮದವರೆಗೆ ತಲುಪಿಸಿದವರ ಕಷ್ಟ ಅಷ್ಟು ಸುಲಭಕ್ಕೆ ಪುಸ್ತಕಕ್ಕೆ ಬರುವುದಿಲ್ಲ.

ಅದನ್ನು ಕಾಣಲು ಸ್ಟೀಗ್ಲಿಟ್ಜನಿಗಿಂತ ಮೂವತ್ತು ವರ್ಷ ಹಿಂದಕ್ಕೆ, ನಮ್ಮ ಹಿಮಾಲಯಕ್ಕೇ ಹೋಗಬೇಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಸ್ಯಾಮ್ಯುಯೆಲ್ ಬೋರ್ನ್ 1863ರಲ್ಲಿ ಭಾರತಕ್ಕೆ ಬಂದ. ಸಿಮ್ಲಾದಲ್ಲಿ ನೆಲೆಸಿ ಮುಂದೆ ‘ಬೋರ್ನ್ ಅಂಡ್ ಶೆಫರ್ಡ್’ ಎಂದು ಹೆಸರಾದ ಸಂಸ್ಥೆಯ ಪಾಲುದಾರನಾದ. 1863, 1864 ಮತ್ತು 1866ರಲ್ಲಿ ಮೂರು ದೀರ್ಘ ಹಿಮಾಲಯ ಯಾತ್ರೆಗಳನ್ನು ಕೈಗೊಂಡ. 1866ರಲ್ಲಿ ಸ್ಪಿತಿಯ ಬಳಿಯ ಮಣಿರಂಗ್ ಕಣಿವೆಮಾರ್ಗದ ನೆತ್ತಿಯಲ್ಲಿ, ಅವನ ಲೆಕ್ಕದಂತೆ 18,600 ಅಡಿ ಎತ್ತರದಲ್ಲಿ, ಅವನು ತೆಗೆದ ಚಿತ್ರಗಳು ಮುಂದಿನ ಸುಮಾರು ಎರಡು ದಶಕ ಜಗತ್ತಿನಲ್ಲೇ ಅತಿ ಎತ್ತರದ ಛಾಯಾಚಿತ್ರಗಳಾಗಿದ್ದವು.

ಅವನ ಕೈಯಲ್ಲಿದ್ದದ್ದು ಕೊಲೋಡಿಯನ್ ವಿಧಾನ. ಗಾಜಿನ ಮೇಲೆ ಅಂಟುದ್ರವವನ್ನು ಸಮನಾಗಿ ಹರಿಸಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಒದ್ದೆ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆದು, ಒಣಗುವುದರೊಳಗೆ ತೊಳೆದು ಮುಗಿಸಬೇಕು. ಎಲ್ಲಕ್ಕೂ ಸಿಗುವುದು ಹತ್ತು ಹದಿನೈದು ನಿಮಿಷ. ಅಂದರೆ ಎಲ್ಲಿ ಚಿತ್ರ ತೆಗೆಯಬೇಕೋ ಅಲ್ಲಿಗೇ ಕತ್ತಲೆಕೋಣೆಯೂ ಬರಬೇಕು. ಡೇರೆ, ಗಾಜಿನ ಹಲಗೆಗಳ ಪೆಟ್ಟಿಗೆಗಳು, ರಾಸಾಯನಿಕದ ಸೀಸೆಗಳು, ಟ್ರೇಗಳು, ದೊಡ್ಡ ಮರದ ಕ್ಯಾಮೆರಾ, ಮೇಲೆ ಸಾಹೇಬರ ಊಟ, ಹಾಸಿಗೆ, ಪುಸ್ತಕ, ಮದ್ಯ. ಮೊದಲ ಯಾತ್ರೆಯಲ್ಲಿ ಇದನ್ನೆಲ್ಲ ಹೊತ್ತವರು ಸುಮಾರು 30 ಕೂಲಿಗಳು. ಎರಡನೆಯದರಲ್ಲಿ 42.

ಬೋರ್ನ್ ತನ್ನ ಯಾತ್ರೆಗಳನ್ನು ‘ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿ’ಗೆ ಕಂತುಗಳಲ್ಲಿ ಬರೆದ. ಓದಲು ಸೊಗಸಾದ ಬರಹ. ಚಳಿಗೆ ಕೈ ಮರಗಟ್ಟಿದಾಗ ಪ್ಲೇಟು ಸಿದ್ಧಪಡಿಸುವ ಪಾಡನ್ನು ಅವನು ಕಣ್ಣಿಗೆ ಕಟ್ಟುವಂತೆ ಹೇಳುತ್ತಾನೆ. ಅದೇ ಬರಹದಲ್ಲಿ ಇನ್ನೊಂದು ಪ್ರಸಂಗವೂ ಇದೆ. ಕೂಲಿಗಳು ಹೊರೆಯನ್ನು ದಾರಿಯಲ್ಲೇ ಇಳಿಸಿ ಹಳ್ಳಿಯಲ್ಲಿ ಅಡಗಿಕೊಂಡಿರುತ್ತಾರೆ. ಬೋರ್ನ್ ದಪ್ಪ ದೊಣ್ಣೆ ಹಿಡಿದು ಹುಡುಕಿಕೊಂಡು ಹೋಗಿ ಬಾರಿಸುತ್ತಾನೆ. ಇದನ್ನು ಅವನು ಮುಚ್ಚಿಡುವುದಿಲ್ಲ, ನಾಚಿಕೊಳ್ಳುವುದೂ ಇಲ್ಲ. ಪ್ರವಾಸದ ತೊಂದರೆಗಳ ಪಟ್ಟಿಯಲ್ಲಿ ಮೋಡ, ಗಾಳಿ, ಕೆಟ್ಟ ದಾರಿಗಳ ಜೊತೆಗೆ ಇದನ್ನೂ ಸೇರಿಸುತ್ತಾನೆ.

ಅವರು ಏಕೆ ಓಡಿದರು ಎಂಬುದಕ್ಕೆ ಅವರ ಮಾತಿನಲ್ಲಿ ಉತ್ತರ ಉಳಿದಿಲ್ಲ. ಆದರೆ ವ್ಯವಸ್ಥೆ ಏನಾಗಿತ್ತೆಂದು ಗೊತ್ತು. ಆ ಬೆಟ್ಟಸೀಮೆಯಲ್ಲಿ ‘ಬೇಗಾರ್’ ಪದ್ಧತಿ ಇತ್ತು. ಅಧಿಕಾರಿಗಳು ಬಂದರೆ, ಯುರೋಪಿಯನ್ ಪ್ರವಾಸಿಗರು ಬಂದರೆ ಹೊರೆ ಹೊರಲು ಹಳ್ಳಿಗಳು ಆಳು ಒದಗಿಸಬೇಕು. ಪ್ರವಾಸಿಗರು ಕೂಲಿ ಕೊಡುವುದಿತ್ತು. ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಮಾತ್ರ ಹಳ್ಳಿಯವರಿಗೆ ಸಾಮಾನ್ಯವಾಗಿ ಇರಲಿಲ್ಲ. ಬಿತ್ತನೆಯೋ ಕೊಯ್ಲೋ ಬಿಟ್ಟು ನಡೆಯಬೇಕು. ಕನ್ನಡದವರಿಗೆ ಈ ಪದ್ಧತಿ ಅಪರಿಚಿತವಲ್ಲ. ನಮ್ಮ ಶಾಸನಗಳಲ್ಲಿ ಬರುವ ‘ಬಿಟ್ಟಿ’ ಇದರದೇ ಒಡಹುಟ್ಟು. ‘ಬಿಟ್ಟಿ ಚಾಕರಿ’ ಎಂದು ಈಗಲೂ ಬೈಗುಳದಂತೆ ಬಳಸುತ್ತೇವೆ. ಆ ಪದ ಗೊತ್ತಿದ್ದವರಿಗೆ, ಹೊರೆ ಇಳಿಸಿ ಅಡಗಿದವರನ್ನು ‘ಸೋಮಾರಿಗಳು’ ಎನ್ನುವ ಸಾಹೇಬರ ಬರಹವನ್ನು ತಿರುಗಿಸಿ ಓದುವುದು ಕಷ್ಟವಾಗಬಾರದು.

ಕನ್ನಡದಲ್ಲಿ ‘ಹೊತ್ತು’ ಎಂದರೆ ಸಮಯ. ‘ಹೊತ್ತು’ ಎಂದರೆ ಹೊರೆ ಹೊತ್ತು ಕೂಡ. ಬೋರ್ನ್‌ನ ಹಿಮದ ಚಿತ್ರಗಳ ಎದುರು ಕೂತಾಗ ಈ ಎರಡು ಅರ್ಥಗಳನ್ನು ಬೇರೆ ಮಾಡಲು ನನಗೆ ಆಗುವುದಿಲ್ಲ. ಕ್ಯಾಮೆರಾ ಹಿಂದೆ ಒಬ್ಬ ಕಳೆದ ಹದಿನೈದು ನಿಮಿಷಗಳಿಗೆ ಅದರ ಹಿಂದೆ ಹತ್ತಾರು ಜನ ಹೊತ್ತ ವಾರಗಳಿವೆ. ಆಗಾಗ ಚಿತ್ರದ ಮೂಲೆಯಲ್ಲಿ ಒಂದಿಬ್ಬರು ಕಾಣಿಸುವುದುಂಟು. ಬಂಡೆ ಎಷ್ಟು ದೊಡ್ಡದು, ಹಿಮನದಿ ಎಷ್ಟು ಅಗಲ ಎಂದು ನೋಡುಗರಿಗೆ ಅಳತೆ ಸಿಗಲೆಂದು ನಿಲ್ಲಿಸಿದವರು. ಅಂದರೆ ಹೊತ್ತವರು ಚಿತ್ರದೊಳಗೆ ಬಂದರೂ ಅಳತೆಗೋಲಾಗಿ ಬಂದರು.

ಬೋರ್ನ್ ಭಾರತ ಬಿಟ್ಟ ಹೊತ್ತಿಗೆ ತಂತ್ರವೂ ಬದಲಾಗತೊಡಗಿತ್ತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯ ಜೆಲಟಿನ್ ಬಳಸಿದ ಒಣ ಪ್ಲೇಟಿನ ವಿಧಾನವನ್ನು ಪ್ರಕಟಿಸಿದ. 1880ರ ದಶಕದಲ್ಲಿ ಕಾರ್ಖಾನೆಯಲ್ಲೇ ತಯಾರಾದ ಪ್ಲೇಟುಗಳು ಅಂಗಡಿಯಲ್ಲಿ ಸಿಗತೊಡಗಿದವು. ಡೇರೆ ಬೇಡ, ಸೀಸೆ ಬೇಡ, ತೊಳೆಯುವುದನ್ನು ಮನೆಗೆ ಹೋಗಿ ಮಾಡಬಹುದು. ಸ್ಟೀಗ್ಲಿಟ್ಜ್ ಒಬ್ಬನೇ ಹಿಮದಲ್ಲಿ ನಿಲ್ಲಲು ಸಾಧ್ಯವಾದದ್ದು ಇದರಿಂದ. ಹೊರೆ ಕಡಿಮೆಯಾದದ್ದರಿಂದಲೇ ನಿಲ್ಲುವ ಹೊತ್ತು ಅವನದೇ ಆಯಿತು, ಹೇಳಿಕೊಳ್ಳಬಹುದಾದ ಕಥೆಯೂ ಆಯಿತು.

ಹಾಗಾದರೆ ಹೊರೆ ಕಡಿಮೆಯಾದ ಮೇಲೆ ಪರರ ಚಳಿ ಮುಗಿಯಿತೇ? ಅಂಟಾರ್ಕ್ಟಿಕಾದ ಎರಡು ಯಾತ್ರೆಗಳು ಇದಕ್ಕೆ ಎರಡು ಬಗೆಯ ಉತ್ತರ ಕೊಡುತ್ತವೆ.

ರಾಬರ್ಟ್ ಸ್ಕಾಟ್‌ನ 1910ರ ಟೆರ್ರಾ ನೋವಾ ಯಾತ್ರೆಯಲ್ಲಿ ಹರ್ಬರ್ಟ್ ಪಾಂಟಿಂಗ್ ಅಧಿಕೃತ ಛಾಯಾಗ್ರಾಹಕ. ಲೆನ್ಸಿನ ಮೇಲೆ ಉಸಿರು ತಾಗಿದರೆ ಸಾಕು, ಅಲ್ಲೇ ಮಂಜುಗಟ್ಟುತ್ತಿತ್ತು. ಕೆಲಸ ಮಾಡುವಾಗ ಒಮ್ಮೆ ನಾಲಿಗೆ ಕ್ಯಾಮೆರಾದ ಲೋಹಕ್ಕೆ ತಗುಲಿ ಅಂಟಿಕೊಂಡು, ಕಿತ್ತಾಗ ಚರ್ಮವೇ ಬಂತು. ತನ್ನ ದೇಹವನ್ನು ಉಳಿಸಿಕೊಂಡು ಕೆಲಸ ಮಾಡಿದವನಲ್ಲ. ಸಂಗಡಿಗರನ್ನೂ ಅವನು ಉಳಿಸಲಿಲ್ಲ. ಬೇಕಾದ ಭಂಗಿ ಸಿಗುವವರೆಗೆ ಹಿಮದ ಮೇಲೆ ನಿಲ್ಲಿಸುತ್ತಿದ್ದ. ಅವರು ಅದಕ್ಕೊಂದು ಕ್ರಿಯಾಪದವನ್ನೇ ಹುಟ್ಟಿಸಿದರು: ‘ಪಾಂಟ್’ ಮಾಡುವುದು. ಅರ್ಥ, ಮೈ ಹೆಪ್ಪುಗಟ್ಟುವವರೆಗೆ ಅನನುಕೂಲವಾದ ಭಂಗಿಯಲ್ಲಿ ಫೋಟೊಕ್ಕೆ ನಿಲ್ಲುವುದು. ಒಂದು ತಮಾಷೆಯ ಪದದಲ್ಲಿ ಎಷ್ಟು ಚರಿತ್ರೆ ಉಳಿಯಬಹುದು ನೋಡಿ. ಬೋರ್ನ್‌ನ ಕೂಲಿಗಳೂ ಅವನ ಬಗ್ಗೆ ತಮ್ಮ ಮಾತಿನಲ್ಲಿ ಇಂಥದೊಂದು ಪದ ಕಟ್ಟಿರಲಾರರೇ? ಪಾಂಟಿಂಗ್‌ನ ಸಂಗಡಿಗರು ದಿನಚರಿ ಬರೆಯುತ್ತಿದ್ದರು, ಅವರ ಪದ ಉಳಿಯಿತು.

ಪಾಂಟಿಂಗ್ ಧ್ರುವಕ್ಕೆ ಹೋಗಲಿಲ್ಲ. ಹೋಗುವವರಲ್ಲಿ ಒಬ್ಬನಾದ ಹೆನ್ರಿ ಬೋವರ್ಸ್‌ಗೆ ಛಾಯಾಗ್ರಹಣ ಕಲಿಸಿದ. 1912ರ ಜನವರಿಯಲ್ಲಿ ಸ್ಕಾಟ್‌ನ ಐವರು ದಕ್ಷಿಣ ಧ್ರುವ ತಲುಪಿದಾಗ, ಅಮುಂಡ್ಸನ್ ಒಂದು ತಿಂಗಳ ಹಿಂದೆಯೇ ಬಂದು ಹೋಗಿದ್ದ. ಅಲ್ಲಿ ತೆಗೆದ ಗುಂಪುಚಿತ್ರದಲ್ಲಿ ಐವರೂ ಇದ್ದಾರೆ. ಕ್ಯಾಮೆರಾ ಹಿಂದೆ ಯಾರೂ ಇಲ್ಲ. ಬೋವರ್ಸ್ ಕೈಯಲ್ಲಿ ಒಂದು ದಾರ; ಅದನ್ನು ಎಳೆದು ಶಟರ್ ಒತ್ತಿದ. ಮರಳುವ ದಾರಿಯಲ್ಲಿ ಐವರೂ ಸತ್ತರು. ಸ್ಕಾಟ್, ವಿಲ್ಸನ್, ಬೋವರ್ಸ್ ಮಲಗಿದ್ದ ಡೇರೆ ಆ ವರ್ಷದ ನವೆಂಬರ್ 12ರಂದು ಸಿಕ್ಕಿತು, ಫಿಲ್ಮೂ ಸಿಕ್ಕಿತು. ನನಗೆ ಗೊತ್ತಿರುವ ಹಿಮದ ಚಿತ್ರಗಳಲ್ಲಿ ತೆಗೆದವನಿಗೂ ನಿಂತವನಿಗೂ ನಡುವೆ ಅಂತರವೇ ಇಲ್ಲದ ಚಿತ್ರ ಇದು. ಹೊತ್ತವರು, ನಿಂತವರು, ತೆಗೆದವರು ಎಲ್ಲ ಅವರೇ.

ಎರಡನೆಯದು ಶ್ಯಾಕಲ್ಟನ್‌ನ ಯಾತ್ರೆ. ಅವನ ‘ಎಂಡ್ಯೂರೆನ್ಸ್’ ಹಡಗು 1915ರ ಜನವರಿಯಲ್ಲಿ ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು. ಆಸ್ಟ್ರೇಲಿಯಾದ ಫ್ರಾಂಕ್ ಹರ್ಲಿ ಅದರ ಛಾಯಾಗ್ರಾಹಕ. ಹಡಗು ಜಜ್ಜಿ ಒಡೆದಾಗ ಅವನು ಕೊರೆಯುವ ನೀರಿಗೆ ಇಳಿದು ನೆಗೆಟಿವ್‌ಗಳ ಪೆಟ್ಟಿಗೆಗಳನ್ನು ಮೇಲೆತ್ತಿದ. ಆದರೆ ಇಲ್ಲಿ ಕೂಲಿಗಳಿಲ್ಲ. ಮುಂದಕ್ಕೆ ಸಾಗಿಸುವ ಪ್ರತಿ ಸೇರು ಭಾರವನ್ನೂ ಅವರೇ ಎಳೆಯಬೇಕು. ಆ ನವೆಂಬರ್‌ನಲ್ಲಿ ಹರ್ಲಿ ಮತ್ತು ಶ್ಯಾಕಲ್ಟನ್ ಮಂಜಿನ ಮೇಲೆ ಕೂತು ಗಾಜಿನ ಪ್ಲೇಟುಗಳನ್ನು ಒಂದೊಂದಾಗಿ ಆರಿಸಿದರು. ಸುಮಾರು 120 ಉಳಿದವು. ಬೇಡವೆಂದ ಸುಮಾರು 400ನ್ನು ಹರ್ಲಿ ಅಲ್ಲೇ ಒಡೆದುಹಾಕಿದ, ಮತ್ತೆ ಮನಸ್ಸು ಬದಲಾಗಬಾರದೆಂದು. ದೊಡ್ಡ ಕ್ಯಾಮೆರಾಗಳನ್ನು ಬಿಟ್ಟ. ಜೇಬಿನ ಒಂದು ಕೊಡ್ಯಾಕ್ ಮತ್ತು ಮೂರು ರೋಲು ಫಿಲ್ಮ್ ಇಟ್ಟುಕೊಂಡ.

ಬೋರ್ನ್ ಮತ್ತು ಹರ್ಲಿಯನ್ನು ಅಕ್ಕಪಕ್ಕ ಇಟ್ಟಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಿತ್ರಕ್ಕೆ ತೂಕವಿದೆ ಎಂಬುದು ಚಿತ್ರ ತೆಗೆದವನೇ ಅದನ್ನು ಹೊರಬೇಕಾದಾಗ ಮಾತ್ರ ಅವನ ಅರಿವಿಗೆ ಬರುತ್ತದೆ. ಬೇರೆಯವರು ಹೊತ್ತಾಗ ಅದು ಅವರ ಸೋಮಾರಿತನವಾಗಿ ಕಾಣುತ್ತದೆ. ಹರ್ಲಿ ಒಡೆದ ಪ್ಲೇಟುಗಳ ಬಗ್ಗೆ ಎಲ್ಲರೂ ಮರುಗುತ್ತಾರೆ, ನಾನೂ ಮರುಗುತ್ತೇನೆ. ಆದರೆ ಆ ಒಡೆದ ಗಾಜಿನಲ್ಲಿ ಒಂದು ಪ್ರಾಮಾಣಿಕತೆ ಇದೆ. ಇಷ್ಟನ್ನು ಹೊರಬಲ್ಲೆ, ಇದಕ್ಕಿಂತ ಹೆಚ್ಚಲ್ಲ ಎಂಬ ಲೆಕ್ಕ ಅದು.

ಹಾಗೆಂದು ಹರ್ಲಿಯ ಚಿತ್ರಗಳೆಲ್ಲ ಪ್ರಾಮಾಣಿಕವೆಂದಲ್ಲ. 1916ರ ಏಪ್ರಿಲ್ 24ರಂದು ಎಲಿಫೆಂಟ್ ದ್ವೀಪದಿಂದ ಸಹಾಯ ತರಲು ಶ್ಯಾಕಲ್ಟನ್‌ನ ದೋಣಿ ಹೊರಟಾಗ, ದಡದಲ್ಲಿ ಉಳಿದವರು ಕೈಬೀಸುತ್ತಿರುವ ಚಿತ್ರ ತೆಗೆದ. ಅದನ್ನೇ ತಿದ್ದಿ, ತಿಂಗಳುಗಳ ನಂತರ ನಡೆದ ರಕ್ಷಣೆಯ ದೃಶ್ಯವೆಂದು ಮುಂದೆ ತೋರಿಸಲಾಯಿತು. ಬೀಳ್ಕೊಡುವ ಕೈಗೂ ಬರಮಾಡಿಕೊಳ್ಳುವ ಕೈಗೂ ಫೋಟೊದಲ್ಲಿ ವ್ಯತ್ಯಾಸವಿಲ್ಲ. ಅಡಿಬರಹ ಏನು ಹೇಳುತ್ತದೋ ಅದೇ ನಮ್ಮ ಕಣ್ಣು. ಛಾಯಾಚಿತ್ರವನ್ನು ಆಕರವಾಗಿ ಬಳಸುವ ವಿದ್ಯಾರ್ಥಿಗಳು ಇದೊಂದನ್ನು ಮರೆಯಬಾರದು: ಚಿತ್ರ ತನ್ನಷ್ಟಕ್ಕೆ ಸಾಕ್ಷಿ ಹೇಳುವುದಿಲ್ಲ, ಅದರ ಸುತ್ತ ಬರೆದದ್ದನ್ನೂ ಬರೆಯದೆ ಬಿಟ್ಟದ್ದನ್ನೂ ಒಟ್ಟಿಗೆ ವಿಚಾರಿಸಬೇಕು.

ಈ ಕಣ್ಣಿನಿಂದ ‘ವಿಂಟರ್, ಫಿಫ್ತ್ ಅವೆನ್ಯೂ’ವನ್ನು ಇನ್ನೊಮ್ಮೆ ನೋಡೋಣ. ಸ್ಟೀಗ್ಲಿಟ್ಜ್ ನೆಗೆಟಿವ್‌ನ ಪೂರ್ತಿ ಭಾಗವನ್ನು ಮುದ್ರಿಸಲಿಲ್ಲ. ಸುತ್ತಲಿನದನ್ನು ಕತ್ತರಿಸಿ ಗಾಡಿ, ಜಾಡು, ಬಿರುಗಾಳಿ ಮಾತ್ರ ಉಳಿಸಿದ. ಹಾಗೆ ಉಳಿದ ಚೌಕಟ್ಟಿನ ನಡುಮಧ್ಯದಲ್ಲಿ ಗಾಡಿಯಾಳು ಇದ್ದಾನೆ. ಸ್ಟೀಗ್ಲಿಟ್ಜ್ ಮೂರು ಗಂಟೆ ನಿಂತದ್ದು ಚಿತ್ರಕ್ಕಾಗಿ, ಯಾವ ಕ್ಷಣದಲ್ಲಾದರೂ ಮನೆಗೆ ಹೋಗಬಹುದಿತ್ತು. ಗಾಡಿಯಾಳು ಹೊರಗೆ ಬಂದದ್ದು ದುಡಿಮೆಗಾಗಿ. ಅವನು ಎಷ್ಟು ಗಂಟೆ ಆ ಹಿಮದಲ್ಲಿದ್ದ, ಆ ದಿನ ಎಷ್ಟು ಸುತ್ತು ಹೊಡೆದ ಎಂದು ಯಾರೂ ಕೇಳಲಿಲ್ಲ. ಇದರಿಂದ ಚಿತ್ರ ಸಣ್ಣದಾಗುವುದಿಲ್ಲ. ನನ್ನ ಪಾಲಿಗೆ ಅದು ದೊಡ್ಡದೇ ಆಗುತ್ತದೆ. ಬೋರ್ನ್‌ನ ಬೆಟ್ಟಗಳಲ್ಲಿ ದುಡಿದವನು ಅಳತೆಗೋಲು. ಇಲ್ಲಿ ದುಡಿಯುವವನು ಚಿತ್ರದ ಎದೆಯಲ್ಲಿದ್ದಾನೆ, ನಮ್ಮ ಕಡೆಗೇ ಬರುತ್ತಿದ್ದಾನೆ. ಹೆಸರಿಲ್ಲ, ಆದರೆ ಅವನಿಲ್ಲದೆ ಆ ಚಿತ್ರವಿಲ್ಲ ಎಂಬುದನ್ನು ಮಬ್ಬಿನಲ್ಲೂ ಕಾಣಬಹುದು.

ಹೆಸರುಗಳ ವಿಷಯಕ್ಕೆ ಬಂದರೆ ಒಂದು ವಿಚಿತ್ರ ಇದೆ. ಹಳೆಯ ಛಾಯಾಚಿತ್ರಗಳ ಸೂಚಿಗಳಲ್ಲಿ ಸಾಮಾನ್ಯವಾಗಿ ಛಾಯಾಗ್ರಾಹಕ, ಸ್ಥಳ, ವರ್ಷ, ಗಾತ್ರ ಇರುತ್ತವೆ. ಹೊತ್ತವರಿಗೆ ಕಲಮು ಇರುವುದಿಲ್ಲ. ಆದರೆ ಹೊತ್ತವರ ಹೆಸರು ಬರೆದ ಪುಸ್ತಕಗಳು ಹಿಮಾಲಯದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಇದ್ದವು. ಬೋರ್ನ್ ನಡೆದಾಡಿದ ಕಾಲದಿಂದ ಬಹಳ ಮುಂದಕ್ಕೆ, ಅಲ್ಲಿಂದ ಪೂರ್ವಕ್ಕಿರುವ ಕುಮಾವೂಂ ಸೀಮೆಯಲ್ಲಿ, ಯಾವ ಮನೆಯಿಂದ ಯಾರು ಬೇಗಾರಿಗೆ ಬರಬೇಕೆಂದು ಹಳ್ಳಿಯ ಮುಖಂಡರು ಕೂಲಿ ರಿಜಿಸ್ಟರ್ ಇಡುತ್ತಿದ್ದರು. 1921ರ ಜನವರಿಯಲ್ಲಿ, ಮಕರ ಸಂಕ್ರಾಂತಿಯ ಜಾತ್ರೆಗೆ ಬಾಗೇಶ್ವರದಲ್ಲಿ ಸೇರಿದ ಸಾವಿರಾರು ಜನ ಇನ್ನು ಬೇಗಾರಿ ಮಾಡುವುದಿಲ್ಲವೆಂದು ಸಾರಿ, ಆ ರಿಜಿಸ್ಟರ್‌ಗಳನ್ನು ಸರಯೂ ನದಿಗೆ ಎಸೆದರು. ಅದೇ ಹೊತ್ತಿಗೆ ಸಿಮ್ಲಾ ಬೆಟ್ಟಗಳಲ್ಲೂ ಬೇಗಾರಿನ ವಿರುದ್ಧ ಚಳವಳಿ ನಡೆದಿತ್ತು.

ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಆ ರಿಜಿಸ್ಟರ್‌ಗಳು ಬೇಕಿದ್ದವು. ಹೆಸರು, ಮನೆ, ಹಳ್ಳಿ, ಸರದಿ ಎಲ್ಲ ಅದರಲ್ಲಿತ್ತು. ಆದರೆ ಅವನ್ನು ನದಿಗೆ ಎಸೆದವರೇ ಸರಿ. ಯಾರು ಹೊತ್ತರು ಎಂಬ ನನ್ನ ಪ್ರಶ್ನೆಗಿಂತ, ಇನ್ನು ಹೊರುವುದಿಲ್ಲ ಎಂಬ ಅವರ ಉತ್ತರ ದೊಡ್ಡದು. ಹೆಸರು ಸಿಗದ ಜಾಗದಲ್ಲಿ ನಾವು ಮಾಡಬಹುದಾದದ್ದು ಇಷ್ಟೇ: ಹಿಮದ ಯಾವ ಚಿತ್ರ ಎದುರಾದರೂ, ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿದ ಮೇಲೆ, ಈ ಬಿಳುಪನ್ನು ಇಲ್ಲಿಗೆ ತಲುಪಿಸಲು ಎಷ್ಟು ಜನ ಎಷ್ಟು ಹೊತ್ತು ನಿಂತರು ಎಂದು ಒಂದು ಮಾತು ಕೇಳಿಕೊಳ್ಳುವುದು.